ಒಂದು ಸೀನು, ನಲವತ್ತು ಮೂಗು

ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಅಪಶಕುನವೆಂದು ಹಿಂದಕ್ಕೆ ಬಂದು, ಕುಳಿತು, ನೀರು ಕುಡಿದು ಹೋಗುವ ವಾಡಿಕೆ ನಮ್ಮ ಹಳ್ಳಿಗಳಲ್ಲಿದೆ. ಸೀನಿಗೂ ಹೋಗುವ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಸೀನಿಗೂ ಎದುರಿಗೆ ನಿಂತವರ ಆರೋಗ್ಯಕ್ಕೂ ಖಂಡಿತ ಸಂಬಂಧವಿದೆ. ಶಕುನಕ್ಕೆ ಹೆದರಿ ಹಿಂದೆ ಸರಿಯುವ ನಾವು ರೋಗಕ್ಕೆ ಹೆದರಿ ಮುಖಕ್ಕೊಂದು ಕರವಸ್ತ್ರ ಹಿಡಿಯುವುದನ್ನು ಮಾತ್ರ ಮರೆಯುತ್ತೇವೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಯಾವುದೇ ಶಾಲೆಯ ಹಾಜರಿ ಪುಸ್ತಕವನ್ನು ಮಳೆಗಾಲದಲ್ಲೋ ಡಿಸೆಂಬರ್ ಚಳಿಯಲ್ಲೋ ತೆರೆದು ನೋಡಿ. ಸೋಮವಾರ ಒಬ್ಬ ಹುಡುಗ ಮೂಗು ಒರೆಸಿಕೊಳ್ಳುತ್ತಾ ಬಂದಿರುತ್ತಾನೆ. ಬುಧವಾರ ಅವನ ಬೆಂಚಿನ ಇಬ್ಬರು ಗೈರು. ಶುಕ್ರವಾರದ ಹೊತ್ತಿಗೆ ಹಿಂದಿನ ಸಾಲಿನ ನಾಲ್ವರು ಗೈರು. ಮರುವಾರ ಮೇಷ್ಟ್ರೇ ರಜೆ! ‘ಹವಾ ಸರಿಯಿಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಮಾತು ಅರ್ಧ ನಿಜ. ಸರಿಯಿಲ್ಲದಿರುವುದು ಊರಿನ ಹವೆಯಲ್ಲ, ಕೊಠಡಿಯೊಳಗಿನ ಹವೆ.

ಮೂರು ದಾರಿಗಳು

ನೆಗಡಿ, ಫ್ಲೂ, ಕೋವಿಡ್, ದಡಾರ, ಗಂಟಲಮಾರಿ, ನಾಯಿಕೆಮ್ಮು, ಕ್ಷಯ ಇವೆಲ್ಲ ಬೇರೆ ಬೇರೆ ರೋಗಗಳು. ಕೆಲವು ವೈರಸ್‌ಗಳಿಂದ ಬರುತ್ತವೆ, ಕೆಲವು ಬ್ಯಾಕ್ಟೀರಿಯಾಗಳಿಂದ. ಆದರೆ ಇವು ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ದಾರಿಗಳು ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ದೊಡ್ಡ ಹನಿಗಳ ದಾರಿ. ಸೀನಿದಾಗ, ಕೆಮ್ಮಿದಾಗ ಬಾಯಿಮೂಗುಗಳಿಂದ ತುಂತುರು ಚಿಮ್ಮುತ್ತದೆ. ಕಣ್ಣಿಗೆ ಕಾಣುವಷ್ಟು ದೊಡ್ಡ ಹನಿಗಳು ಒಂದೆರಡು ಮೀಟರ್ ದೂರ ಹೋಗಿ ನೆಲಕ್ಕೋ ಪುಸ್ತಕಕ್ಕೋ ಎದುರಿನವರ ಮುಖಕ್ಕೋ ಬೀಳುತ್ತವೆ.

ಎರಡನೆಯದು, ಸಣ್ಣ ಕಣಗಳ ದಾರಿ. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ದೂಳಿನ ಕಣಗಳು ಬೀಳದೆ ತೇಲಾಡುವುದನ್ನು ಎಲ್ಲರೂ ನೋಡಿದ್ದಾರೆ. ಉಸಿರಿನಿಂದ ಹೊರಬರುವ ಅತಿ ಸೂಕ್ಷ್ಮ ಕಣಗಳೂ ಹೀಗೆಯೇ ತೇಲುತ್ತವೆ, ಗಾಳಿಯಾಡದ ಕೊಠಡಿಯಲ್ಲಿ ಗಂಟೆಗಟ್ಟಲೆ. ಇವು ಹೊರಬರಲು ಸೀನೇ ಬೇಕೆಂದಿಲ್ಲ. ಮಾತನಾಡಿದರೂ ಬರುತ್ತವೆ, ಮಗ್ಗಿಯನ್ನು ಒಟ್ಟಾಗಿ ಕೂಗಿ ಹೇಳಿದರೆ ಇನ್ನೂ ಹೆಚ್ಚು ಬರುತ್ತವೆ. ದಡಾರದ ವೈರಸ್ ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೊಠಡಿಯ ಗಾಳಿಯಲ್ಲಿ ಉಳಿಯಬಲ್ಲದು.

ಮೂರನೆಯದು, ಕೈಗಳ ದಾರಿ. ಮೂಗು ಒರೆಸಿದ ಕೈ ಪೆನ್ಸಿಲ್ ಮುಟ್ಟುತ್ತದೆ, ಪೆನ್ಸಿಲ್ ಪಕ್ಕದವನಿಗೆ ಹೋಗುತ್ತದೆ, ಅವನು ಅದನ್ನು ಕಚ್ಚುತ್ತಾನೆ. ಅಲ್ಲಿಗೆ ರೋಗಾಣುವಿನ ಪ್ರಯಾಣ ಮುಗಿಯಿತು. ಬಾಗಿಲ ಚಿಲಕ, ನಲ್ಲಿಯ ತಿರುಪು, ಚೆಂಡು, ಡಸ್ಟರ್ ಎಲ್ಲವೂ ಇಂಥ ನಿಲ್ದಾಣಗಳೇ.

ಒಂದು ಪೀರಿಯಡ್‌ನ ಲೆಕ್ಕ

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಹತ್ತು ವರ್ಷದ ಮಗು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 20 ಬಾರಿ ಉಸಿರಾಡುತ್ತದೆ. ಒಂದು ಉಸಿರಿಗೆ ಸುಮಾರು 300 ಮಿಲಿಲೀಟರ್ ಗಾಳಿ. ಅಂದರೆ ನಿಮಿಷಕ್ಕೆ 6 ಲೀಟರ್. ತರಗತಿಯಲ್ಲಿ 40 ಮಕ್ಕಳಿದ್ದರೆ ನಿಮಿಷಕ್ಕೆ 240 ಲೀಟರ್. 40 ನಿಮಿಷದ ಒಂದು ಪೀರಿಯಡ್‌ಗೆ 9,600 ಲೀಟರ್.

ಕೊಠಡಿ 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 1,13,000 ಲೀಟರ್. ಕಿಟಕಿ ಬಾಗಿಲು ಪೂರ್ತಿ ಮುಚ್ಚಿದ್ದರೆ, ಗಂಟೆ ಹೊಡೆಯುವ ಹೊತ್ತಿಗೆ ಪ್ರತಿ 12 ಲೀಟರ್ ಗಾಳಿಯಲ್ಲಿ ಸುಮಾರು ಒಂದು ಲೀಟರ್ ಆಗಲೇ ಯಾರದೋ ಶ್ವಾಸಕೋಶದೊಳಗೆ ಹೋಗಿ ಬಂದದ್ದು! ಇದು ಒಂದು ಪೀರಿಯಡ್‌ನ ಲೆಕ್ಕ. ಊಟದ ಬಿಡುವಿನವರೆಗೆ ಎಷ್ಟಾಗುತ್ತದೆ ಎಂಬುದನ್ನು ಮಕ್ಕಳೇ ಊಹಿಸಲಿ. ಮಧ್ಯಾಹ್ನದ ತೂಕಡಿಕೆಗೆ ಬಿಸಿಯೂಟ ಒಂದೇ ಕಾರಣವಲ್ಲ. ಕೊಠಡಿಯಲ್ಲಿ ಸೇರಿಕೊಂಡ ಇಂಗಾಲದ ಡೈ ಆಕ್ಸೈಡ್ ಕೂಡ ಒಂದು ಕಾರಣ.

ಈ ಲೆಕ್ಕ ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. 1974ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಪ್ರಾಥಮಿಕ ಶಾಲೆಗೆ ದಡಾರದ ಸೋಂಕು ತಗುಲಿದ ಒಬ್ಬ ಬಾಲಕಿ ಬಂದಳು. ಅವಳೊಬ್ಬಳಿಂದ ಮೊದಲ ಸುತ್ತಿನಲ್ಲೇ 28 ಮಕ್ಕಳಿಗೆ ರೋಗ ಹರಡಿತು. ಅವರು 14 ಬೇರೆ ಬೇರೆ ಕೊಠಡಿಗಳಲ್ಲಿ ಕಲಿಯುತ್ತಿದ್ದವರು. ಅನೇಕರು ಅವಳ ಹತ್ತಿರ ಕುಳಿತವರೇ ಅಲ್ಲ. ಹುಡುಕಿದಾಗ ತಿಳಿದದ್ದೇನೆಂದರೆ, ಆ ಕಟ್ಟಡದ ಗಾಳಿಯ ವ್ಯವಸ್ಥೆಯೇ ಒಂದು ಕೊಠಡಿಯ ಗಾಳಿಯನ್ನು ಉಳಿದ ಕೊಠಡಿಗಳಿಗೆ ತಿರುಗಿಸಿ ಕಳಿಸುತ್ತಿತ್ತು. ನಮ್ಮ ಶಾಲೆಗಳಲ್ಲಿ ಅಂಥ ಯಂತ್ರಗಳಿಲ್ಲ. ಆದರೆ ಮುಚ್ಚಿದ ಕಿಟಕಿಗಳ ಕೆಳಗೆ ತಿರುಗುವ ಫ್ಯಾನು ಮಾಡುವ ಕೆಲಸವೂ ಅದೇ ಜಾತಿಯದು. ಅದು ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ಎಲ್ಲರಿಗೂ ಹಂಚುತ್ತದೆ.

ಕೋಲಾರ ಜಿಲ್ಲೆ ಕಂಡ ಪಾಠ

2020ರ ಮೇ ತಿಂಗಳ ಎರಡನೆಯ ವಾರದವರೆಗೆ ಕೋಲಾರ ಜಿಲ್ಲೆ ಕೋವಿಡ್ ಇಲ್ಲದ ಹಸಿರು ವಲಯವಾಗಿತ್ತು. ಮೇ 12ರಂದು ಜಿಲ್ಲೆಯ ಮೊದಲ ಪ್ರಕರಣಗಳು ಬೆಳಕಿಗೆ ಬಂದವು. ಅವು ಮುಳಬಾಗಿಲು ತಾಲ್ಲೂಕಿನವು. ಬೆಂಗಳೂರು-ಚಿತ್ತೂರು ರಸ್ತೆಯ ಮೇಲಿರುವ, ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು ಅದು. ಟೊಮೆಟೊ, ಮಾವು, ಹಾಲು, ಇಟ್ಟಿಗೆ, ಕೆಲಸಕ್ಕೆ ಹೋಗುವ ಜನ ಎಲ್ಲವೂ ದಿನವೂ ಓಡಾಡುವ ಈ ಜಿಲ್ಲೆಯಲ್ಲಿ ಯಾವ ತಾಲ್ಲೂಕೂ ಒಂಟಿಯಾಗಿರಲು ಸಾಧ್ಯವಿಲ್ಲ ಎಂಬುದು ಅಂದು ಎಲ್ಲರಿಗೂ ಅರ್ಥವಾಯಿತು.

ಅದೇ ವರ್ಷ ಜೂನ್ 25ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. 8 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೆಸರು ನೋಂದಾಯಿಸಿದ್ದರು. ಮುಖಗವಸು, ಕೈಗೆ ಸ್ಯಾನಿಟೈಸರ್, ಬಾಗಿಲಲ್ಲೇ ಜ್ವರದ ತಪಾಸಣೆ, ದೂರ ದೂರ ಹಾಕಿದ ಬೆಂಚು, ಜ್ವರವಿದ್ದವರಿಗೆ ಪ್ರತ್ಯೇಕ ಕೊಠಡಿ ಎಲ್ಲವನ್ನೂ ಶಾಲೆಗಳು ಮಾಡಿ ತೋರಿಸಿದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಗಿ ಮೇಷ್ಟ್ರುಗಳು ದೇವಸ್ಥಾನದ ಅಂಗಳ, ಅರಳಿಕಟ್ಟೆ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಎಷ್ಟೋ ಮಕ್ಕಳು ಕಾಗುಣಿತವನ್ನೇ ಮರೆತಿದ್ದರು.

ಈ ಅನುಭವದಿಂದ ಎರಡು ಮಾತು ಕಲಿಯಬೇಕು. ಶಾಲೆ ಮುಚ್ಚುವುದು ಕೊನೆಯ ಉಪಾಯ. ಅದರ ಬೆಲೆಯನ್ನು ಕೊಡುವವರು ಬಡವರ ಮಕ್ಕಳು. ಮುಚ್ಚುವ ಪ್ರಸಂಗ ಬಾರದಂತೆ ಮಾಡುವ ಸಣ್ಣ ಸಣ್ಣ ಅಭ್ಯಾಸಗಳು ರೋಗ ಇಲ್ಲದ ದಿನಗಳಲ್ಲೂ ಇರಬೇಕು. ಅಂದು ಪ್ರತಿ ಶಾಲೆಯ ಬಾಗಿಲಲ್ಲಿದ್ದ ಸಾಬೂನು ಇಂದು ಎಷ್ಟು ಶಾಲೆಗಳಲ್ಲಿದೆ? ಪೋಷಕರು ಶಾಲೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ ಇದನ್ನೂ ಒಮ್ಮೆ ನೋಡಿ ಬರಬಹುದು.

ಮಳೆಯೇ? ಬಾಳೆಹಣ್ಣೇ?

‘ಮಳೆಯಲ್ಲಿ ನೆನೆದ, ಅದಕ್ಕೇ ಶೀತ’ ಎಂಬುದು ಮನೆಮನೆಯ ತೀರ್ಪು. ಬಾಳೆಹಣ್ಣು, ಮೊಸರು, ಸೀಬೆಹಣ್ಣುಗಳಿಗೂ ಈ ಅಪವಾದ ತಪ್ಪಿದ್ದಲ್ಲ. ಆದರೆ ವೈರಸ್ ಇಲ್ಲದೆ ನೆಗಡಿ ಇಲ್ಲ. ಬಾಳೆಹಣ್ಣಿನಲ್ಲಿ ನೆಗಡಿಯ ವೈರಸ್ ಬೆಳೆಯುವುದಿಲ್ಲ.

ಹಾಗಾದರೆ ಮಳೆ-ಚಳಿಗಳಲ್ಲೇ ರೋಗ ಹೆಚ್ಚೇಕೆ? ಮುಖ್ಯ ಕಾರಣ, ಆಗ ಎಲ್ಲರೂ ಒಳಗೆ ಸೇರುತ್ತಾರೆ, ಕಿಟಕಿ ಮುಚ್ಚುತ್ತಾರೆ. ಆಟದ ಬಿಡುವೂ ಕೊಠಡಿಯಲ್ಲೇ ಕಳೆಯುತ್ತದೆ. ಚಳಿಗಾಲದ ಒಣ ತಂಪು ಗಾಳಿ ಮೂಗಿನ ಒಳಪೊರೆಯ ಕಾವಲು ಶಕ್ತಿಯನ್ನೂ ತಗ್ಗಿಸುತ್ತದೆ. ನಮ್ಮ ಭಾಗದಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ತಲೆಯೆತ್ತುವುದು ಸಾಮಾನ್ಯ.

ಇನ್ನೊಂದು ಕಾರಣ ಹೊಗೆ ಮತ್ತು ದೂಳು. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನ ಕಡೆಯ ಗೂಡುಗಳಿರಲಿ, ಮನೆಯೊಳಗಿನ ಸೌದೆ ಒಲೆಯಿರಲಿ, ತಂದೆಯ ಬೀಡಿಯಿರಲಿ, ಹೊಗೆ ಯಾವುದಾದರೂ ಶ್ವಾಸನಾಳವನ್ನು ಕೆರಳಿಸಿ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಗೂಡಿನ ಹತ್ತಿರದ ಶಾಲೆಗಳು ಹೊಗೆ ಬರುವ ದಿಕ್ಕಿನ ಕಿಟಕಿ ಮುಚ್ಚಿ ಉಳಿದ ದಿಕ್ಕಿನವನ್ನು ತೆರೆದಿಡುವುದು ಒಳ್ಳೆಯದು. ಎಲ್ಲವನ್ನೂ ಮುಚ್ಚುವುದು ಪರಿಹಾರವಲ್ಲ.

ಜ್ವರವಿದ್ದರೂ ಶಾಲೆಗೆ?

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ತಾಯಿ ತೋಟದ ಕೂಲಿಗೆ, ತಂದೆ ಬೆಂಗಳೂರಿನ ಕೆಲಸಕ್ಕೆ ಬೆಳಗಿನ ಗಾಡಿ ಹಿಡಿಯಬೇಕು. ಮಗುವಿನ ಮೈ ಬೆಚ್ಚಗಿದೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಶಾಲೆಯಲ್ಲಾದರೆ ಬಿಸಿಯೂಟವಿದೆ, ಮೇಷ್ಟ್ರಿದ್ದಾರೆ. ಒಂದು ಪ್ಯಾರಾಸಿಟಮಾಲ್ ನುಂಗಿಸಿ ಕಳಿಸಿಬಿಡುತ್ತಾರೆ. ಹನ್ನೊಂದು ಗಂಟೆಯವರೆಗೆ ಮಗು ಚೆನ್ನಾಗಿರುತ್ತದೆ. ಮಧ್ಯಾಹ್ನ ಜ್ವರ ಮರಳುತ್ತದೆ. ಮಾತ್ರೆ ಮೈಯ ಬಿಸಿಯನ್ನು ಇಳಿಸಿತೇ ಹೊರತು ರೋಗಾಣುವನ್ನು ತಡೆಯಲಿಲ್ಲ. ಅಷ್ಟರಲ್ಲಿ ಇಡೀ ತರಗತಿ ಅದೇ ಗಾಳಿಯನ್ನು ಹಂಚಿಕೊಂಡಿರುತ್ತದೆ.

ಜ್ವರವಿರುವ ಮಗು ಮನೆಯಲ್ಲಿರಬೇಕು. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಶಾಲೆಗೆ ಹೋಗಬಹುದು. ಬರೀ ಮೂಗು ಸೋರುತ್ತಿದ್ದು ಮಗು ಲವಲವಿಕೆಯಿಂದಿದ್ದರೆ ಹೋಗಲಿ, ಆದರೆ ಕರವಸ್ತ್ರ ಇರಲಿ. ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಅಸಹಜವಲ್ಲ. ಪ್ರತಿ ಸೀನಿಗೂ ರಜೆ ಹಾಕಿದರೆ ಓದು ಸಾಗದು.

ಹಾಜರಾತಿಯ ಭಯವೂ ಅನೇಕರಿಗಿದೆ. ಎಸ್ಸೆಸ್ಸೆಲ್ಸಿಗೆ ಬೇಕಾದದ್ದು ಶೇಕಡಾ 75 ಹಾಜರಾತಿ. ಜ್ವರಕ್ಕೆಂದು ಮೂರು ದಿನ ಮನೆಯಲ್ಲುಳಿದರೆ ಯಾರ ಪರೀಕ್ಷೆಯೂ ತಪ್ಪುವುದಿಲ್ಲ. ‘ಒಂದು ದಿನವೂ ರಜೆ ಹಾಕದ ವಿದ್ಯಾರ್ಥಿ’ಗೆ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಡುವ ಶಾಲೆಗಳು ಒಮ್ಮೆ ಯೋಚಿಸಬೇಕು. ಜ್ವರದಲ್ಲೂ ಬಂದು ಕುಳಿತವನಿಗೆ ಚಪ್ಪಾಳೆ ತಟ್ಟಿದರೆ ಉಳಿದ ಮಕ್ಕಳಿಗೆ ಕಲಿಸಿದ ಪಾಠ ಯಾವುದು? ಕೂಲಿಯ ತಾಯಂದಿರಿಗಾಗಿ ಶಾಲೆಯೇ ಒಂದು ಉಪಾಯ ಮಾಡಬಹುದು: ಜಗಲಿಯ ತುದಿಯಲ್ಲಿ ಗಾಳಿಯಾಡುವ ಕಡೆ ಒಂದು ಚಾಪೆ, ಕುಡಿಯುವ ನೀರು, ಮಗುವಿಗೊಂದು ಮುಖಗವಸು, ಸಂಜೆಯವರೆಗೆ ಆಗಾಗ ಕಣ್ಣಾಡಿಸುವ ಒಬ್ಬ ಶಿಕ್ಷಕಿ. ಬೈದು ಹಿಂದಕ್ಕೆ ಅಟ್ಟುವುದಕ್ಕಿಂತ ಇದು ಮೇಲು.

ತೊಟ್ಟಿಲ ಕೂಸು, ಮೂಲೆಯ ಅಜ್ಜಿ

ಏಳನೆಯ ತರಗತಿಯ ಹುಡುಗನಿಗೆ ಫ್ಲೂ ಬಂದರೆ ನಾಲ್ಕು ದಿನ ಮಲಗಿ ಏಳುತ್ತಾನೆ. ಆದರೆ ಅವನು ಸಂಜೆ ಮನೆಗೆ ಹೋಗಿ ಚೀಲ ಎಸೆದು ಮೊದಲು ಎತ್ತಿಕೊಳ್ಳುವುದು ತೊಟ್ಟಿಲ ತಂಗಿಯನ್ನು. ಪಕ್ಕದಲ್ಲಿ ಮಲಗುವುದು ದಮ್ಮಿನ ಕಾಯಿಲೆಯ ಅಜ್ಜಿಯ ಹತ್ತಿರ. ಶಾಲೆಯ ಸೋಂಕಿನ ನಿಜವಾದ ಅಪಾಯ ಇರುವುದು ಇಲ್ಲಿ. ದೊಡ್ಡ ಮಗುವಿಗೆ ನೆಗಡಿಯಾದದ್ದೇ ಕೂಸಿಗೆ ನ್ಯುಮೋನಿಯಾ ಆಗಬಹುದು. ಶಾಲೆಯಿಂದ ಬಂದ ಕೂಡಲೇ ಕೈಕಾಲು ಮುಖ ತೊಳೆದು ಒಳಗೆ ಬರುವ ಹಳೆಯ ಪದ್ಧತಿ ಸುಮ್ಮನೆ ಬಂದದ್ದಲ್ಲ. ಕೈಗೆ ಸಾಬೂನನ್ನು ಸೇರಿಸಿಕೊಂಡರೆ ಅದು ಪೂರ್ತಿಯಾಗುತ್ತದೆ. ನೆಗಡಿಯಿರುವ ಮಗು ಕೂಸಿಗೆ ಮುತ್ತು ಕೊಡುವುದನ್ನು ನಾಲ್ಕು ದಿನ ಬಿಡಲಿ.

ಕೂಸಿಗೆ ಕೆಮ್ಮು ಬಂದರೆ ತಾಯಿ ಮಾಡಬೇಕಾದ ಮೊದಲ ಕೆಲಸ ಉಸಿರು ಎಣಿಸುವುದು. ಮಗು ಶಾಂತವಾಗಿರುವಾಗ, ಅಂಗಿ ಮೇಲೆತ್ತಿ, ಹೊಟ್ಟೆ-ಎದೆ ಏರಿಳಿಯುವುದನ್ನು ಗಡಿಯಾರ ನೋಡಿ ಒಂದು ನಿಮಿಷ ಪೂರ್ತಿ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ಮಗು ಹಾಲು ಕುಡಿಯದಿದ್ದರೆ, ಎಚ್ಚರಗೊಳಿಸಿದರೂ ಮಂಪರಿನಲ್ಲಿದ್ದರೆ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆ ಮಾಡಿ. ಗಡಿಯಾರ ನೋಡಲು ಬಾರದ ತಾಯಿಗೆ ಎಣಿಸಿ ಹೇಳಬೇಕಾದವರು ಶಾಲೆಗೆ ಹೋಗುವ ಮಕ್ಕಳೇ. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ದೊಡ್ಡ ಉಪಯೋಗ ಬೇಕೆ?

ಔಷಧಿಯ ಮಾತು

ನೆಗಡಿ, ಫ್ಲೂಗಳು ವೈರಸ್‌ನಿಂದ ಬರುವವು. ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ವೈರಸ್‌ಗಳನ್ನಲ್ಲ. ಮೆಡಿಕಲ್ ಸ್ಟೋರಿನಲ್ಲಿ ‘ಸ್ಟ್ರಾಂಗಾದ್ದು ಕೊಡಿ’ ಎಂದು ಎರಡು ದಿನದ ಮಾತ್ರೆ ತಂದು ಕೊಡುವುದರಿಂದ ದುಡ್ಡೂ ದಂಡ, ಮುಂದೆ ನಿಜವಾಗಿ ಬೇಕಾದಾಗ ಔಷಧಿ ಕೆಲಸ ಮಾಡದಿರುವ ಅಪಾಯವೂ ಇದೆ.

ಕೆಮ್ಮಿನ ಸಿರಪ್ಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಸಣ್ಣ ಮಕ್ಕಳ ಸಾಮಾನ್ಯ ಕೆಮ್ಮಿಗೆ ಸಿರಪ್ಪಿನ ಅಗತ್ಯವೇ ಹೆಚ್ಚಿನ ಸಲ ಇರುವುದಿಲ್ಲ. ವೈದ್ಯರು ಬರೆದುಕೊಡದೆ ಹಾಕಬೇಡಿ. ಬಿಸಿನೀರು, ಮೆಣಸಿನ ಸಾರು, ಗಂಜಿ, ಒಂದು ವರ್ಷ ದಾಟಿದ ಮಗುವಿಗೆ ಒಂದು ಚಮಚ ಜೇನುತುಪ್ಪ, ಚೆನ್ನಾದ ನಿದ್ದೆ ಇವು ಗಂಟಲಿಗೆ ಹಿತ ಕೊಡುತ್ತವೆ. ಇವು ವೈರಸ್ಸನ್ನು ಕೊಲ್ಲುವುದಿಲ್ಲ; ದೇಹ ತಾನೇ ಅದನ್ನು ಗೆಲ್ಲುವವರೆಗೆ ಆಸರೆಯಾಗುತ್ತವೆ.

ಎರಡು ವಾರ ದಾಟಿದ ಕೆಮ್ಮನ್ನು ಮಾತ್ರ ಯಾರೂ ‘ಹಳೇ ಕೆಮ್ಮು’ ಎಂದು ಬಿಡಬಾರದು. ಅದು ಕ್ಷಯವಿರಬಹುದು. ಕಫದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೊಡುವ ತಿಂಗಳ ನೆರವನ್ನು 2024ರ ನವೆಂಬರ್‌ನಿಂದ 500ರಿಂದ 1,000 ರೂಪಾಯಿಗೆ ಏರಿಸಲಾಗಿದೆ.

ಲಸಿಕೆಯ ಬೇಲಿ

ಕೆಲವು ರೋಗಗಳಿಗೆ ಕಿಟಕಿ, ಸಾಬೂನುಗಳಿಗಿಂತ ಗಟ್ಟಿಯಾದ ಬೇಲಿಯಿದೆ. ದಡಾರ-ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳಿಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. 2017ರ ಫೆಬ್ರುವರಿಯಲ್ಲಿ ಈ ಲಸಿಕೆಯ ಆಂದೋಲನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದು ಶಾಲೆಗಳಲ್ಲೇ ಸಾಲು ನಿಲ್ಲಿಸಿ 15 ವರ್ಷದೊಳಗಿನವರಿಗೆ ಚುಚ್ಚಲಾಯಿತು. ಗಂಟಲಮಾರಿ ಮತ್ತು ಧನುರ್ವಾಯುವಿನ ಟಿಡಿ ಲಸಿಕೆ 10 ಮತ್ತು 16ನೆಯ ವಯಸ್ಸಿನಲ್ಲಿ ಬೇಕು. ಚಿಕ್ಕಂದಿನ ಲಸಿಕೆಗಳು ಮುಗಿದ ಮೇಲೆ ಅನೇಕ ಮನೆಗಳಲ್ಲಿ ಮರೆತುಹೋಗುವುದು ಇವೇ ಎರಡು. ಮೈಮೇಲೆ ದದ್ದು ಎದ್ದರೆ ‘ಅಮ್ಮ’ ಎಂದು ಬೇವಿನ ಸೊಪ್ಪು ಕಟ್ಟಿ ಸುಮ್ಮನಾಗುವವರು ಆಶಾ ಕಾರ್ಯಕರ್ತೆಗೂ ಒಂದು ಮಾತು ಹೇಳಲಿ. ಪೂಜೆ ಬಿಡಬೇಕಿಲ್ಲ, ವರದಿ ತಪ್ಪಿಸಬಾರದು.

ದುಡ್ಡಿಲ್ಲದೆ ಆಗುವ ಕೆಲಸಗಳು

ಹಳೆಯ ಹೆಂಚಿನ ಶಾಲೆಗಳಲ್ಲಿ ಸೂರಿನ ಹತ್ತಿರ ಗವಾಕ್ಷಿಗಳಿರುತ್ತಿದ್ದವು. ಬಿಸಿಗಾಳಿ ಮೇಲಕ್ಕೇರಿ ಅಲ್ಲಿಂದ ಹೊರಹೋಗುತ್ತಿತ್ತು. ಇಂದು ಅನೇಕ ಕಡೆ ಪಾರಿವಾಳದ ಕಾಟಕ್ಕೆ ಅವನ್ನು ರಟ್ಟು ಹೊಡೆದು ಮುಚ್ಚಿದ್ದಾರೆ. ರಟ್ಟಿನ ಬದಲು ಜಾಲರಿ ಹಾಕಿದರೆ ಎರಡೂ ಕೆಲಸವಾಗುತ್ತದೆ. ಎದುರುಬದುರಿನ ಕಿಟಕಿಗಳನ್ನು ಒಂದೊಂದು ಗೇಣಾದರೂ ತೆರೆದಿಡಬೇಕು. ಬೀರು, ನಕ್ಷೆ, ಚಾರ್ಟುಗಳನ್ನು ಕಿಟಕಿಗೆ ಅಡ್ಡ ಇಡಬಾರದು. ಬಿಡುವಿನಲ್ಲಿ ಕೊಠಡಿ ಖಾಲಿ ಮಾಡಿ ಎಲ್ಲ ಬಾಗಿಲೂ ತೆರೆಯಲಿ. ಮಗ್ಗಿ, ಪದ್ಯ, ಪ್ರಾರ್ಥನೆಗಳನ್ನು ಹೊಂಗೆ ಮರದ ಕೆಳಗೆ ಹೇಳಿಸಿದರೆ ಮಕ್ಕಳಿಗೂ ಖುಷಿ.

ಸದಾ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಕೈ ತೊಳೆಯಲು ನೀರೆಲ್ಲಿ ಎಂದು ಕೇಳಬಹುದು. ನಲ್ಲಿ ಬಿಟ್ಟು ತೊಳೆಯಬೇಕಿಲ್ಲ. ಐದು ಲೀಟರಿನ ಎಣ್ಣೆ ಕ್ಯಾನಿನ ಮೇಲ್ಭಾಗಕ್ಕೊಂದು ತೂತು ಕೊರೆದು, ಕೋಲಿಗೆ ತೂಗುಹಾಕಿ, ಹಿಡಿಗೆ ಹಗ್ಗ ಕಟ್ಟಿ ಕೆಳಗೆ ಕಾಲಿನಿಂದ ಒತ್ತುವ ಕಡ್ಡಿಗೆ ಸೇರಿಸಿದರೆ, ಒತ್ತಿದಾಗ ಕ್ಯಾನು ಬಾಗಿ ಸಣ್ಣ ಧಾರೆ ಬರುತ್ತದೆ. ಒಬ್ಬರಿಗೆ ಒಂದು ಲೋಟ ನೀರು ಸಾಕು. ಸಾಬೂನನ್ನು ಹಳೆಯ ಕಾಲುಚೀಲದಲ್ಲಿ ಹಾಕಿ ತೂಗುಬಿಟ್ಟರೆ ಕಳೆದುಹೋಗುವುದಿಲ್ಲ, ಕರಗಿಯೂ ಹೋಗುವುದಿಲ್ಲ. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾಬೂನು ಕೊಟ್ಟು ಕೈ ತೊಳೆಯುವ ರೂಢಿ ಮಾಡಿಸಿದ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು. ಸಾಬೂನಿನ ಬೆಲೆಗೆ ಇದಕ್ಕಿಂತ ಅಗ್ಗದ ಔಷಧಿ ಸಿಗುವುದು ಕಷ್ಟ.

ಮಾಡಿ ನೋಡಿ

1. ಒಬ್ಬ ವಿದ್ಯಾರ್ಥಿಯ ಬಲಗೈಗೆ ಬಣ್ಣದ ರಂಗೋಲಿ ಪುಡಿ ಹಚ್ಚಿ. ಅರ್ಧ ಗಂಟೆ ಎಂದಿನಂತೆ ಇರಲು ಹೇಳಿ. ಬಳಿಕ ಬಣ್ಣ ಎಲ್ಲೆಲ್ಲಿ ಅಂಟಿದೆ, ಎಷ್ಟು ಜನರ ಕೈಗೆ ದಾಟಿದೆ, ಎಷ್ಟು ಮುಖಗಳ ಮೇಲಿದೆ ಎಂದು ಪಟ್ಟಿ ಮಾಡಿ.

2. ಮೇಷ್ಟ್ರ ಸಮ್ಮುಖದಲ್ಲಿ ಕೊಠಡಿಯ ಒಂದು ಮೂಲೆಯಲ್ಲಿ ಊದುಬತ್ತಿ ಹಚ್ಚಿ. ವಾಸನೆ ಎದುರು ಮೂಲೆಗೆ ತಲುಪಲು ಎಷ್ಟು ಹೊತ್ತು? ಬತ್ತಿ ಆರಿಸಿದ ಮೇಲೆ ವಾಸನೆ ಪೂರ್ತಿ ಹೋಗಲು ಎಷ್ಟು ಹೊತ್ತು? ಒಮ್ಮೆ ಕಿಟಕಿ ಮುಚ್ಚಿ, ಇನ್ನೊಮ್ಮೆ ತೆರೆದು ಹೋಲಿಸಿ. ಉಸಿರಿನ ಸೂಕ್ಷ್ಮ ಕಣಗಳೂ ಹೆಚ್ಚುಕಡಿಮೆ ಹೀಗೇ ಸಾಗುತ್ತವೆ.

3. ತಟ್ಟೆಯ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ, ಸಾಬೂನು ಹಚ್ಚಿದ ಬೆರಳಿನಿಂದ ಮುಟ್ಟಿದರೆ ಪುಡಿ ಅಂಚಿಗೆ ಓಡುತ್ತದೆ. ‘ಸಾಬೂನು ಕಂಡರೆ ರೋಗಾಣು ಹೀಗೆ ಓಡುತ್ತದೆ’ ಎಂದು ಹೇಳುವುದುಂಟು. ಅದು ಸರಿಯಲ್ಲ. ಇಲ್ಲಿ ಕಾಣುವುದು ನೀರಿನ ಮೇಲ್ಮೈ ಎಳೆತ ತಗ್ಗಿದ ಪರಿಣಾಮ. ಫ್ಲೂ, ಕೋವಿಡ್ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆಯಿರುತ್ತದೆ. ಸಾಬೂನು ಅದನ್ನು ಒಡೆದು ಹಾಕುತ್ತದೆ. ನೆಗಡಿ ತರುವ ರೈನೊ ವೈರಸ್‌ಗೆ ಅಂಥ ಹೊದಿಕೆಯಿಲ್ಲ; ಅದನ್ನು ಉಜ್ಜಿ ತೊಳೆದೇ ಕಳಿಸಬೇಕು. ಆದ್ದರಿಂದಲೇ 20 ಸೆಕೆಂಡು ಉಜ್ಜಬೇಕೆನ್ನುವುದು. ಮೂರರ ಮಗ್ಗಿಯನ್ನು ನಿಧಾನವಾಗಿ ಒಮ್ಮೆ ಹೇಳಿ ಮುಗಿಸುವ ಹೊತ್ತಿಗೆ ಅಷ್ಟಾಗುತ್ತದೆ.